ಉಮ್ಮಮ್ಮನ ಮಾತು ಅರ್ಥ ಆಗುವ ನರ್ಸ್ ಎಲ್ಲಿದ್ದಾರೆ?

ನಮ್ಮ ನೆರೆಮನೆಯ ಉಮ್ಮಮ್ಮನಿಗೆ ಪ್ರಾಯ ಎಂಬತ್ತು ದಾಟಿತ್ತು. ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ನಗರದ ಒಂದು ಆಸ್ಪತ್ರೆಗೆ ಸೇರಿಸಿದರು, ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೇ ದಿನ ರಾತ್ರಿ ಜೊತೆಗಿದ್ದ ಮೊಮ್ಮಗಳು ಮದ್ದು ತರಲು ಕೆಳಗಿನ ಮೆಡಿಕಲ್‌ಗೆ ಹೋಗಿದ್ದಳು. ಆ ಹೊತ್ತಿಗೆ ಉಮ್ಮಮ್ಮನಿಗೆ ಬಾತ್‌ರೂಮಿಗೆ ಹೋಗಬೇಕೆನಿಸಿತು. ಡ್ಯೂಟಿಯಲ್ಲಿದ್ದ ಹುಡುಗಿಗೆ ಬ್ಯಾರಿ ಭಾಷೆಯಲ್ಲಿ ಎರಡು ಸಲ ಹೇಳಿದರು. ದೂರದ ರಾಜ್ಯದಿಂದ ಬಂದ ಆ ಹುಡುಗಿಗೆ ಕನ್ನಡವೇ ಸರಿಯಾಗಿ ಬರುತ್ತಿರಲಿಲ್ಲ, ಇನ್ನು ಬ್ಯಾರಿ ಎಲ್ಲಿಂದ? ನೋವು ಅಂತ ಹೇಳುತ್ತಿದ್ದಾರೆ ಎಂದುಕೊಂಡು ಅವಳು ತಲೆ ನೇವರಿಸಿ, ಡಾಕ್ಟರಿಗೆ ಫೋನ್ ಮಾಡಲು ಹೋದಳು. ಉಮ್ಮಮ್ಮ ತಾವೇ ಎದ್ದರು, ಮತ್ತೆ ಬಿದ್ದರು.

ಆ ಹುಡುಗಿಯದ್ದು ತಪ್ಪು ಅಂತ ಹೇಳಲಿಕ್ಕೆ ಆಗುವುದಿಲ್ಲ. ಅವಳು ಓಡಿ ಬಂದಳು, ಅತ್ತಳು, ಮರುದಿನವೂ ಬಂದು ಕೈ ಹಿಡಿದು ಕೂತಳು. ಆದರೆ ಆ ವಾರ್ಡಿನಲ್ಲಿ ಉಮ್ಮಮ್ಮನ ಭಾಷೆ ತಿಳಿದ ಒಬ್ಬ ನರ್ಸ್ ಇದ್ದಿದ್ದರೆ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ದಿನ ಚರ್ಚೆಯಾಯಿತು. ಕೊನೆಗೆ ಒಬ್ಬರು ಕೇಳಿದರು: "ಅಲ್ಲ, ನಮ್ಮ ಮಕ್ಕಳನ್ನು ನರ್ಸಿಂಗ್‌ಗೆ ಕಳಿಸಲಿಕ್ಕೆ ನಾವು ಎಷ್ಟು ಜನ ಒಪ್ಪುತ್ತೇವೆ?" ಯಾರೂ ಉತ್ತರ ಕೊಡಲಿಲ್ಲ.

ಮಡತ್ತುಕುಳಂನ ಅಜ್ಜಿಯದ್ದೂ ಇದೇ ಕಥೆ

ಇದು ನಮಗೆ ಮಾತ್ರ ಇರುವ ಸಮಸ್ಯೆ ಅಲ್ಲ. ತಮಿಳುನಾಡಿನ ತಿರುಪ್ಪೂರು ಜಿಲ್ಲೆಯಲ್ಲಿ, ಉಡುಮಲೈಪೇಟೆಯಿಂದ ಪಳನಿ ಕಡೆ ಹೋಗುವ ದಾರಿಯಲ್ಲಿ, ಮಡತ್ತುಕುಳಂ ಅಂತ ಒಂದು ಊರು ಉಂಟು. 2009ರಲ್ಲಿ ತಿರುಪ್ಪೂರು ಜಿಲ್ಲೆ ಆಗುವ ಮೊದಲು ಅದು ಕೊಯಮತ್ತೂರಿಗೆ ಸೇರಿತ್ತು. ಅಮರಾವತಿ ನದಿಯ ಆ ಬಯಲಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳಿವೆ. ಶಾಲೆ, ಅಂಗಡಿ, ಕಚೇರಿ, ಆಸ್ಪತ್ರೆ ಎಲ್ಲವೂ ತಮಿಳು. ಕನ್ನಡ ಅಡುಗೆಮನೆಯಲ್ಲಿ ಮತ್ತು ಅಜ್ಜಿಯ ಬಾಯಲ್ಲಿ ಉಳಿದ ಭಾಷೆ.

ನಮ್ಮ ಕರಾವಳಿಯಲ್ಲಿ ಕನ್ನಡ ಕಚೇರಿಯ ಭಾಷೆ, ಬ್ಯಾರಿ ಮನೆಯ ಭಾಷೆ. ಅಲ್ಲಿ ತಮಿಳು ಕಚೇರಿಯ ಭಾಷೆ, ಕನ್ನಡ ಮನೆಯ ಭಾಷೆ. ಕಷ್ಟ ಒಂದೇ. ದುಡಿಯುವ ಪ್ರಾಯದಲ್ಲಿ ಎರಡು ಮೂರು ಭಾಷೆ ಸಲೀಸಾಗಿ ಆಡಿದವರು ಕೂಡ ಮುದಿಪ್ರಾಯದಲ್ಲಿ, ಜ್ವರದಲ್ಲಿ, ನೋವಿನಲ್ಲಿ ತಾಯಿಭಾಷೆಗೇ ಹಿಂದಿರುಗುತ್ತಾರೆ. ಮರೆವಿನ ಕಾಯಿಲೆ ಬಂದ ಹಲವರಲ್ಲಿ ನಂತರ ಕಲಿತ ಭಾಷೆ ಮೊದಲು ಜಾರಿ ಹೋಗುತ್ತದೆ, ಉಮ್ಮನಿಂದ ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ. ಅಂದರೆ ಆಸ್ಪತ್ರೆಯ ಅಗತ್ಯ ಅತಿ ಹೆಚ್ಚು ಇರುವ ಹೊತ್ತಿನಲ್ಲೇ ಆಸ್ಪತ್ರೆಯ ಭಾಷೆ ಅವರ ಕೈ ಬಿಡುತ್ತದೆ.

ಹಿರಿಯರು ಹೆಚ್ಚುತ್ತಿದ್ದಾರೆ

2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ನೂರಕ್ಕೆ 8.6 ಇದ್ದರು. ಕರ್ನಾಟಕದಲ್ಲಿ 9.5, ತಮಿಳುನಾಡಿನಲ್ಲಿ 10.4, ಕೇರಳದಲ್ಲಿ 12.6. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಹಿರಿಯರ ಸಂಖ್ಯೆ ಸುಮಾರು 14.9 ಕೋಟಿ. 2050ಕ್ಕೆ ಅದು 34.7 ಕೋಟಿ ಆಗುವ ಅಂದಾಜು ಉಂಟು. ಅಂದರೆ ಐವರಲ್ಲಿ ಒಬ್ಬರು ಹಿರಿಯರು.

ನಮ್ಮ ಮನೆಗಳ ಸ್ಥಿತಿ ಇನ್ನೂ ಬೇರೆ. ಮಗ ದುಬೈಯಲ್ಲಿ, ಇನ್ನೊಬ್ಬ ಜುಬೈಲಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಊರಿನ ದೊಡ್ಡ ಮನೆಯಲ್ಲಿ ಉಮ್ಮ, ಉಪ್ಪ ಇಬ್ಬರೇ. ಹಣ ಬರುತ್ತದೆ, ವೀಡಿಯೊ ಕಾಲ್ ಬರುತ್ತದೆ. ಇನ್ಸುಲಿನ್ ಕೊಡಲು, ಕ್ಯಾತಿಟರ್ ನೋಡಿಕೊಳ್ಳಲು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಕೈ ಬೇಕಲ್ಲ? ಅದು ಫೋನಿನಲ್ಲಿ ಬರುವುದಿಲ್ಲ.

ಹಿರಿಯರ ಆರೈಕೆ ಅಂದರೆ ಬೇರೆಯೇ ವಿದ್ಯೆ

"ಮುದುಕರನ್ನು ನೋಡಿಕೊಳ್ಳಲಿಕ್ಕೆ ಎಂತ ಕಲಿಯಲಿಕ್ಕೆ ಉಂಟು?" ಅಂತ ಕೇಳುವವರಿದ್ದಾರೆ. ತುಂಬಾ ಉಂಟು. ಕೆಲವು ಉದಾಹರಣೆ ನೋಡಿ.

ಪ್ರಾಯದವರಿಗೆ ಸೋಂಕು ತಗಲಿದರೆ ಜ್ವರ ಬರುತ್ತದೆ. ಹಿರಿಯರಿಗೆ ಕೆಲವೊಮ್ಮೆ ಜ್ವರವೇ ಬರುವುದಿಲ್ಲ, ಬದಲಿಗೆ ಒಂದೇ ದಿನದಲ್ಲಿ ಮಾತು ತಪ್ಪುತ್ತದೆ, ಮಗನನ್ನೇ ಗುರುತಿಸುವುದಿಲ್ಲ. ಮನೆಯವರು "ಪ್ರಾಯ ಆಯಿತಲ್ಲ, ಮರೆವು" ಅಂತ ಸುಮ್ಮನಾಗುತ್ತಾರೆ. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ಮೆಲ್ಲನೆ ಬರುವಂಥದ್ದು. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬಂದ ಗೊಂದಲ ಬೇರೆ. ಅದರ ಹಿಂದೆ ಮೂತ್ರದ ಸೋಂಕು, ನೀರಿನ ಕೊರತೆ, ಸೋಡಿಯಂ ಇಳಿದದ್ದು ಅಥವಾ ಹೊಸ ಮಾತ್ರೆ ಇರಬಹುದು. ಸಮಯಕ್ಕೆ ಹಿಡಿದರೆ ಹೆಚ್ಚಿನ ಸಲ ಗುಣವಾಗುತ್ತದೆ. ಆದರೆ ಹಿಡಿಯಬೇಕಾದರೆ ಇವರು ನಿನ್ನೆ ಹೇಗೆ ಮಾತಾಡುತ್ತಿದ್ದರು, ಇವತ್ತು ಎಂತ ವ್ಯತ್ಯಾಸ ಅಂತ ನರ್ಸಿಗೆ ತಿಳಿಯಬೇಕು. ಭಾಷೆಯೇ ಗೊತ್ತಿಲ್ಲದಿದ್ದರೆ ಮಾತು ತಪ್ಪಿದ್ದು ಹೇಗೆ ಗೊತ್ತಾಗುವುದು?

ಹಾಸಿಗೆ ಹುಣ್ಣು ಇನ್ನೊಂದು. ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾದಾಗಲೇ ಗಮನಿಸಬೇಕು. ಹುಣ್ಣು ಒಡೆದ ಮೇಲೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್. ಇನ್ನು ಮಾತ್ರೆಗಳ ವಿಷಯ. ಬಿಪಿಗೆ ಒಬ್ಬ ಡಾಕ್ಟರು, ಮಂಡಿ ನೋವಿಗೆ ಇನ್ನೊಬ್ಬರು, ನಿದ್ದೆಗೆ ಮತ್ತೊಬ್ಬರು. ದಿನಕ್ಕೆ ಹತ್ತು ಮಾತ್ರೆ ನುಂಗುವವರಿಗೆ ತಲೆ ತಿರುಗಿ ಬೀಳುವ ಅಪಾಯ ಹೆಚ್ಚು. ಎಲ್ಲಾ ಚೀಟಿಗಳನ್ನು ಒಟ್ಟಿಗೆ ಇಟ್ಟು ಡಾಕ್ಟರ ಮುಂದೆ ಪ್ರಶ್ನೆ ಎತ್ತುವವರು ಹೆಚ್ಚಾಗಿ ನರ್ಸೇ.

ಮಾತು ನಿಂತವರ ನೋವನ್ನು ಮುಖದಿಂದ, ಮುಷ್ಟಿಯಿಂದ, ಉಸಿರಿನಿಂದ ಓದುವುದನ್ನೂ ಕಲಿಸುತ್ತಾರೆ. ಇದು ಬರೀ ಸೇವಾಭಾವದಿಂದ ಬರುವುದಿಲ್ಲ, ತರಬೇತಿ ಬೇಕು.

ಎಲ್ಲಾ ಬಗೆಯವರು ಯಾಕೆ ಬೇಕು?

ಭಾಷೆ ಒಂದು ಕಾರಣ. ಇನ್ನೂ ಎರಡು ಉಂಟು.

ಒಂದು, ನಾಚಿಕೆ ಮತ್ತು ಮರ್ಯಾದೆ. ಜೀವನವಿಡೀ ಪರಪುರುಷರ ಮುಂದೆ ತಲೆಯ ಬಟ್ಟೆ ಜಾರಲು ಬಿಡದ ಉಮ್ಮನಿಗೆ ಗಂಡು ಅಟೆಂಡರ್ ಮೈ ಒರೆಸಲು ಬಂದರೆ ಹೇಗಾಗಬೇಡ? ಹಾಗೆಯೇ ಉಪ್ಪನಿಗೆ ಮಗಳ ಪ್ರಾಯದ ಹುಡುಗಿ ಡೈಪರ್ ಬದಲಿಸುವುದೆಂದರೆ ಮುಖ ಗೋಡೆಗೆ ತಿರುಗಿಸಿಬಿಡುತ್ತಾರೆ. ಕೆಲವರು ಇದೇ ಕಾರಣಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅದರಿಂದ ಮೂತ್ರದ ಸೋಂಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನ ನರ್ಸ್‌ಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಮಹಿಳೆಯರು. ಹಾಗಾಗಿ ಹುಡುಗರೂ ಈ ಕೆಲಸಕ್ಕೆ ಬೇಕು. ಭಾರ ಎತ್ತಲು ಬೇಕು ಅಂತ ಮಾತ್ರ ಅಲ್ಲ, ಉಪ್ಪಂದಿರ ಮರ್ಯಾದೆಗಾಗಿ ಬೇಕು.

ಎರಡು, ಬದುಕಿನ ಕ್ರಮ. ರಮಝಾನ್‌ನಲ್ಲಿ ಉಪವಾಸ ಬಿಡಲೊಪ್ಪದ ಸಕ್ಕರೆ ಕಾಯಿಲೆಯ ಹಿರಿಯರಿಗೆ "ಉಪವಾಸ ಮಾಡಬೇಡಿ" ಅಂತ ಒಂದೇ ಮಾತಲ್ಲಿ ಹೇಳಿದರೆ ಕೇಳುವುದಿಲ್ಲ. ಡಾಕ್ಟರಿಗೂ ಹೇಳದೆ ಉಪವಾಸ ಹಿಡಿಯುತ್ತಾರೆ. ರಮಝಾನ್ ಬರುವ ಒಂದೆರಡು ತಿಂಗಳ ಮೊದಲೇ ಕೂತು ಮಾತಾಡಿ, ಮದ್ದಿನ ಹೊತ್ತು ಬದಲಿಸಲು ಡಾಕ್ಟರನ್ನು ಕೇಳಿಸಿ, ಶುಗರ್ ಇಳಿದರೆ ಉಪವಾಸ ಮುರಿಯಲೇಬೇಕೆಂದು ಒಪ್ಪಿಸಿ, ರೋಗಿಗೆ ರಿಯಾಯಿತಿ ಇದೆಯೆಂದು ನೆನಪಿಸುವ ನರ್ಸ್ ಇದ್ದರೆ ಮಾತು ನಾಟುತ್ತದೆ. ಹಾಸಿಗೆಯಲ್ಲೇ ಇರುವವರಿಗೆ ತಯಮ್ಮುಮ್‌ಗೆ ನೆರವಾಗುವುದು, ನಮಾಝಿನ ಹೊತ್ತಿಗೆ ಶುಚಿ ಮಾಡಿಸುವುದು ಸಣ್ಣ ಕೆಲಸ. ಆದರೆ ಅದರಿಂದ ಸಿಗುವ ನೆಮ್ಮದಿ ದೊಡ್ಡದು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ನಮ್ಮವರನ್ನು ನಮ್ಮವರೇ ನೋಡಬೇಕು ಅಂತ ಇದರ ಅರ್ಥ ಅಲ್ಲ. ನಮ್ಮ ಹಿರಿಯರನ್ನು ಇಷ್ಟು ವರ್ಷ ನೋಡಿಕೊಂಡವರಲ್ಲಿ ಹೆಚ್ಚಿನವರು ಬೇರೆ ಸಮುದಾಯದ ಸಿಸ್ಟರ್‌ಗಳೇ. ಅವರ ಋಣ ನಮ್ಮ ಮೇಲೆ ಉಂಟು. ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಬಲ್ಲವರು ಬೆರೆತಿದ್ದರೆ ಎಲ್ಲರ ಅಜ್ಜ ಅಜ್ಜಿಯರಿಗೂ ಒಳ್ಳೆಯದು. ನಮ್ಮ ಹುಡುಗಿ ಕಲಿತು ಬಂದರೆ ಅವಳು ಪಕ್ಕದ ಬೆಡ್ಡಿನ ತುಳು ಅಜ್ಜಿಗೂ ನರ್ಸೇ.

ನಾವು ಯಾಕೆ ಹಿಂದೆ ಉಳಿದೆವು?

ದಕ್ಷಿಣ ಭಾರತದಲ್ಲಿ ನರ್ಸಿಂಗ್ ತರಬೇತಿ ಬೇರು ಬಿಟ್ಟದ್ದು ಹೆಚ್ಚಾಗಿ ಮಿಷನ್ ಆಸ್ಪತ್ರೆಗಳಲ್ಲಿ. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು, 1946ರಲ್ಲಿ ಅಲ್ಲಿ ಡಿಗ್ರಿ ಕೋರ್ಸ್ ಶುರುವಾಯಿತು. ಪರರ ಮೈ ಮುಟ್ಟುವ ಕೆಲಸ, ರಾತ್ರಿ ಡ್ಯೂಟಿ, ಹಾಸ್ಟೆಲ್ ವಾಸ ಇವನ್ನೆಲ್ಲ ಆಗ ಹಿಂದೂ, ಮುಸ್ಲಿಂ ಮನೆಗಳಲ್ಲಿ ಒಪ್ಪುತ್ತಿರಲಿಲ್ಲ. ಕ್ರೈಸ್ತ ಕುಟುಂಬಗಳು, ಅದರಲ್ಲೂ ಕೇರಳದವು, ಹೆಣ್ಣುಮಕ್ಕಳನ್ನು ಧೈರ್ಯವಾಗಿ ಕಳಿಸಿದವು. ಒಬ್ಬಳು ಹೋದಳು, ತಂಗಿಯನ್ನು ಕರೆದಳು, ಮನೆ ಎದ್ದು ನಿಂತಿತು.

ನಮ್ಮಲ್ಲಿ ಹಿಂಜರಿಕೆಗೆ ಧರ್ಮದ ಕಾರಣ ಕೊಡುವವರಿಗೆ ರುಫೈದಾ ಅಲ್ ಅಸ್ಲಮಿಯ್ಯಾ ಅವರ ಹೆಸರು ನೆನಪಿಸಬೇಕು. ಪ್ರವಾದಿಯವರ ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳ ಆರೈಕೆ ಮಾಡಿದ ಮಹಿಳೆ ಅವರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ ಅವರನ್ನು ಕರೆದೊಯ್ದದ್ದು ಅವರ ಡೇರೆಗೆ. ನರ್ಸಿಂಗ್ ನಮಗೆ ಹೊರಗಿನ ಕೆಲಸ ಅಲ್ಲ.

ಈಗ ಕಾಲ ಬದಲಾಗಿದೆ. ಮಂಗಳೂರು ಸುತ್ತಮುತ್ತ ನರ್ಸಿಂಗ್ ಕಾಲೇಜಿಗೆ ಬರ ಇಲ್ಲ. ನಮ್ಮ ಸಮುದಾಯದವರೇ ಕಟ್ಟಿದ ದೇರಳಕಟ್ಟೆಯ ಯೆನೆಪೋಯ, ಕಣಚೂರು ಸಂಸ್ಥೆಗಳಲ್ಲೂ ನರ್ಸಿಂಗ್ ಉಂಟು. ನಮ್ಮ ಹುಡುಗಿಯರು ಬರತೊಡಗಿದ್ದಾರೆ. ಆದರೆ ಮದುವೆಯ ಮಾತು ಬಂದಾಗ "ನರ್ಸಾ? ನೈಟ್ ಡ್ಯೂಟಿ ಇದೆಯಾ?" ಎಂಬ ಪ್ರಶ್ನೆಗೆ ನಾಲ್ಕು ವರ್ಷದ ಓದು ಮುಳುಗಿ ಹೋಗುವುದನ್ನು ನೋಡಿದ್ದೇವೆ. ತಮಾಷೆ ಎಂತದೆಂದರೆ, ಅದೇ ಮನೆಯವರಿಗೆ ಉಮ್ಮ ಹಾಸಿಗೆ ಹಿಡಿದಾಗ ಹೋಂ ನರ್ಸ್ ಬೇಕು.

ತಮಿಳುನಾಡು, ಕೇರಳ ಮಾಡಿದ್ದು

ತಮಿಳುನಾಡು ಸರಕಾರ 2021ರ ಆಗಸ್ಟ್ 5ರಂದು "ಮಕ್ಕಳೈ ತೇಡಿ ಮರುತ್ತುವಂ" ಯೋಜನೆ ಆರಂಭಿಸಿತು. ಜನರನ್ನು ಹುಡುಕಿಕೊಂಡು ವೈದ್ಯಕೀಯ ಅಂತ ಅರ್ಥ. ಸ್ವಸಹಾಯ ಗುಂಪುಗಳಿಂದ ಆಯ್ದ ಸ್ಥಳೀಯ ಮಹಿಳೆಯರು ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡಿ ಮದ್ದು ತಲುಪಿಸುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಪ್ಯಾಲಿಯೇಟಿವ್ ನರ್ಸ್, ಫಿಸಿಯೋಥೆರಪಿಸ್ಟ್ ಹೋಗುತ್ತಾರೆ. ಮಡತ್ತುಕುಳಂನಂಥ ಕಡೆ ಇದರಲ್ಲಿ ಒಂದು ದೊಡ್ಡ ಅವಕಾಶ ಉಂಟು: ಊರಿನವರನ್ನೇ ಆಯ್ದುಕೊಂಡರೆ ಊರಿನ ಭಾಷೆಯೂ ಬರುತ್ತದೆ. ಕನ್ನಡ ಮನೆಯ ಒಬ್ಬ ಹುಡುಗಿ ನರ್ಸಿಂಗ್ ಕಲಿತು ಅದೇ ಬ್ಲಾಕಿನಲ್ಲಿ ಕೆಲಸಕ್ಕೆ ಸೇರಿದರೆ, ಆ ಅಜ್ಜಿಗೆ ದುಭಾಷಿ ಬೇಡ.

ಕೇರಳದ್ದು ಇನ್ನೂ ಹಳೆಯ ದಾರಿ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಶುರುವಾದ ನೋವು ಶಮನ ಕೆಲಸ ಮಲಪ್ಪುರಂ ಕಡೆ ಊರವರ ಚಳವಳಿ ಆಯಿತು. ವಿದ್ಯಾರ್ಥಿಗಳು, ವ್ಯಾಪಾರಿಗಳು, ಗಲ್ಫ್‌ನಿಂದ ಮರಳಿದವರು ಸ್ವಯಂಸೇವಕರಾದರು. 2008ರಲ್ಲಿ ರಾಜ್ಯ ಸರಕಾರ ಪ್ಯಾಲಿಯೇಟಿವ್ ನೀತಿಯನ್ನೇ ತಂದಿತು. ಈಗ ಪಂಚಾಯತ್ ಮಟ್ಟದಲ್ಲಿ ನರ್ಸ್ ಮನೆಗೆ ಬರುತ್ತಾರೆ. ನಮ್ಮ ನೆರೆಯ ಕಾಸರಗೋಡಿನಲ್ಲೂ ಈ ವ್ಯವಸ್ಥೆ ಉಂಟು.

ಕೇಂದ್ರ ಸರಕಾರದ ಹಿರಿಯರ ಆರೋಗ್ಯ ಕಾರ್ಯಕ್ರಮ 2010-11ರಲ್ಲಿ ಆರಂಭವಾಯಿತು. ಅದರ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಬೆಡ್‌ಗಳ ವಾರ್ಡ್ ಇರಬೇಕು. ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹೋದಾಗ ಅದು ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ. ಕೇಳುವವರಿದ್ದರೆ ಮಾತ್ರ ವಾರ್ಡ್ ನಡೆಯುತ್ತದೆ.

ಪಿಯುಸಿ ಮುಗಿಸಿದವರಿಗೆ ದಾರಿ

ಬಿಎಸ್ಸಿ ನರ್ಸಿಂಗ್: 4 ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್ ಇರಬೇಕು, ಸಾಮಾನ್ಯವಾಗಿ ನೂರಕ್ಕೆ 45 ಅಂಕ. ಸರಕಾರಿ ಕೋಟಾದ ಸೀಟಿಗೆ ಕೆಇಎ ಪ್ರಕಟಣೆ ನೋಡಿ. 2021ರಲ್ಲಿ ಬಂದ ಹೊಸ ಪಠ್ಯಕ್ರಮ ಸೆಮಿಸ್ಟರ್ ಪದ್ಧತಿಯದ್ದು, ಹಿರಿಯರ ಆರೈಕೆಯ ಪಾಠ ಅದರಲ್ಲಿ ಸೇರಿದೆ.

ಜಿಎನ್‌ಎಂ: 3 ವರ್ಷ. ಆರ್ಟ್ಸ್, ಕಾಮರ್ಸ್ ಓದಿದವರಿಗೂ ಅವಕಾಶ ಉಂಟು, ಇಂಗ್ಲಿಷ್ ಇರಬೇಕು, ನೂರಕ್ಕೆ 40 ಅಂಕ. ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು.

ಎಎನ್‌ಎಂ: 2 ವರ್ಷ. ಹಳ್ಳಿ ಮಟ್ಟದ ಆರೋಗ್ಯ ಕೆಲಸಕ್ಕೆ.

ಹಿರಿಯರ ಆರೈಕೆಯಲ್ಲೇ ಪರಿಣತಿ ಬೇಕಾದರೆ, ನರ್ಸ್ ಆಗಿ ನೋಂದಣಿಯಾದ ಮೇಲೆ 1 ವರ್ಷದ ಜೆರಿಯಾಟ್ರಿಕ್ ನರ್ಸಿಂಗ್ ಪೋಸ್ಟ್ ಬೇಸಿಕ್ ಡಿಪ್ಲೊಮಾ ಉಂಟು. ಭಾರತೀಯ ನರ್ಸಿಂಗ್ ಕೌನ್ಸಿಲ್ ಅದರ ಪಠ್ಯ ರೂಪಿಸಿದೆ.

ಸೇರುವ ಮೊದಲು ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ. ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ? ಅಭ್ಯಾಸಕ್ಕೆ ಸ್ವಂತ ಆಸ್ಪತ್ರೆ ಇದೆಯಾ, ಅಲ್ಲಿ ರೋಗಿಗಳಿದ್ದಾರಾ? ಒಟ್ಟು ಖರ್ಚು ಎಷ್ಟು, ಹಾಸ್ಟೆಲ್ ಸೇರಿ? ಸಮವಸ್ತ್ರದ ನಿಯಮ ಎಂತ, ತಲೆವಸ್ತ್ರಕ್ಕೆ ಅವಕಾಶ ಇದೆಯಾ? ಕೊನೆಯದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಸೇರಿದ ಮೇಲೆ ಜಗಳ ಮಾಡುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು. ಸಣ್ಣ ಕೋಣೆಯಲ್ಲಿ "ನರ್ಸಿಂಗ್" ಬೋರ್ಡ್ ಹಾಕಿ ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುವವರಿದ್ದಾರೆ. ಆ ಕಾಗದದಲ್ಲಿ ನರ್ಸ್ ಆಗಿ ನೋಂದಣಿ ಸಿಗುವುದಿಲ್ಲ. ಆರೈಕೆ ಸಹಾಯಕರ ಅಲ್ಪಾವಧಿ ಕೋರ್ಸ್‌ಗಳು ಬೇರೆ, ಅವು ಉಪಯುಕ್ತವೇ. ಆದರೆ ಅವನ್ನು ಮುಗಿಸಿದವರು ನರ್ಸ್ ಅಲ್ಲ ಎಂಬುದು ನೆನಪಿರಲಿ.

ಹುಡುಗರಿಗೆ ಒಂದು ಮಾತು. ಏಮ್ಸ್‌ಗಳ ನರ್ಸಿಂಗ್ ಆಫೀಸರ್ ನೇಮಕದಲ್ಲಿ 2019ರಿಂದ ಪುರುಷರಿಗೆ ನೂರಕ್ಕೆ 20 ಹುದ್ದೆ ಅಂತ ಮಾಡಿದ್ದಾರೆ. ಸ್ಪರ್ಧೆ ಬಿಗಿ ಉಂಟು, ಆದರೆ ಬಾಗಿಲು ಮುಚ್ಚಿಲ್ಲ. ಖಾಸಗಿ ಆಸ್ಪತ್ರೆ, ಡಯಾಲಿಸಿಸ್, ಐಸಿಯು, ಮನೆ ಆರೈಕೆಯಲ್ಲೂ ಪುರುಷ ನರ್ಸ್‌ಗಳು ಕೆಲಸ ಮಾಡುತ್ತಿದ್ದಾರೆ.

ಜಮಾಅತ್, ಸಂಘಟನೆಗಳು ಮಾಡಬಹುದಾದ್ದು

ವಿದ್ಯಾರ್ಥಿವೇತನ ಕೊಡುವಾಗ ಮೆಡಿಕಲ್, ಇಂಜಿನಿಯರಿಂಗ್ ಜೊತೆ ನರ್ಸಿಂಗನ್ನೂ ಸೇರಿಸಿ. ಜಮಾಅತಿಗೆ ವರ್ಷಕ್ಕೆ ಒಬ್ಬ ಹುಡುಗಿ, ಒಬ್ಬ ಹುಡುಗ ಸಾಕು. ಹತ್ತು ವರ್ಷದಲ್ಲಿ ಊರಿಗೆ ಇಪ್ಪತ್ತು ನರ್ಸ್. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಆ ವರ್ಷ ನರ್ಸಿಂಗ್‌ಗೆ ಯಾವ ನೆರವು ಉಂಟು ಅಂತ ವಿಚಾರಿಸಿ, ಅರ್ಜಿ ತುಂಬಲು ಮಸೀದಿಯ ಕಚೇರಿಯಲ್ಲೇ ಒಂದು ದಿನ ಕೂತರೆ ಎಷ್ಟೋ ಮಕ್ಕಳಿಗೆ ದಾರಿಯಾಗುತ್ತದೆ.

ಗಲ್ಫ್‌ನಲ್ಲಿರುವ ಸಂಘಟನೆಗಳು ಊರಿಗೆ ಆಂಬುಲೆನ್ಸ್ ಕೊಡುತ್ತವೆ, ಒಳ್ಳೆಯದೇ. ಒಂದು ಆಂಬುಲೆನ್ಸಿನ ದುಡ್ಡಿನಲ್ಲಿ ಒಬ್ಬ ನರ್ಸಿಗೆ ಎಷ್ಟು ವರ್ಷ ಸಂಬಳ ಕೊಡಬಹುದು ಅಂತಲೂ ಒಮ್ಮೆ ಲೆಕ್ಕ ಹಾಕಿ. ಸಂಬಳ ಅಂದೆ, ಸೇವೆ ಅಂದಿಲ್ಲ. "ಪುಣ್ಯದ ಕೆಲಸ" ಅಂತ ಹೇಳಿ ಕಡಿಮೆ ಕೊಟ್ಟರೆ ಕಲಿತವರು ಊರಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕು ಅಂತ ಹೇಳಲಿಕ್ಕೆ ನಮಗೆ ಮುಖವೂ ಇರುವುದಿಲ್ಲ.

ಮನೆಯವರಿಗೆ ತುರ್ತಾಗಿ ಬೇಕಾದ ಒಂದು ಸಂಖ್ಯೆ: 14567. ಇದು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ. ಮಾಹಿತಿಗೂ, ಹಿರಿಯರ ಮೇಲೆ ದೌರ್ಜನ್ಯ ಆಗುತ್ತಿದ್ದರೆ ದೂರಿಗೂ ಕರೆ ಮಾಡಬಹುದು.

ಕೊನೆಗೆ

ನೆರೆಮನೆಯ ಉಮ್ಮಮ್ಮ ಆಮೇಲೆ ನಡೆಯಲಿಲ್ಲ. ಹಾಸಿಗೆಯಲ್ಲೇ ಒಂದೂವರೆ ವರ್ಷ ಇದ್ದರು. ಆ ರಾತ್ರಿ ಮದ್ದು ತರಲು ಹೋಗಿದ್ದ ಮೊಮ್ಮಗಳು ಆಗ ಪಿಯುಸಿಯಲ್ಲಿದ್ದಳು. ಈಗ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ವಾರ್ಡ್ ಪೋಸ್ಟಿಂಗ್ ಇದ್ದ ದಿನ ಒಬ್ಬರು ಉಮ್ಮ ತನ್ನನ್ನು ಹತ್ತಿರ ಕರೆದು ಬ್ಯಾರಿಯಲ್ಲಿ ಮೆಲ್ಲನೆ ಕಿವಿಯಲ್ಲಿ ಹೇಳಿದ್ದನ್ನು ಅವಳು ಮನೆಗೆ ಬಂದು ಹೇಳಿದಳು. ಎರಡು ದಿನದಿಂದ ಸ್ನಾನ ಇಲ್ಲ, ಕೇಳಲಿಕ್ಕೆ ನಾಚಿಕೆ ಆಯಿತು ಅಂತ. ಅಷ್ಟೇ ಮಾತು.

ಅವಳು ಪರದೆ ಎಳೆದು, ಬಿಸಿನೀರು ತಂದು, ಮೈ ಒರೆಸಿದಳಂತೆ. ಸೀನಿಯರ್ ಸಿಸ್ಟರ್ ಕ್ರೈಸ್ತ ಮಹಿಳೆ, ಪಕ್ಕದಲ್ಲಿ ನಿಂತು ಹೇಗೆ ಮಗ್ಗುಲು ತಿರುಗಿಸಬೇಕು ಅಂತ ಹೇಳಿಕೊಟ್ಟರಂತೆ. ಆಗ ಬೆನ್ನಿನ ಕೆಳಗೆ ಕೆಂಪಾಗಿದ್ದು ಕಣ್ಣಿಗೆ ಬಿತ್ತು. ಹುಣ್ಣು ಒಡೆಯುವ ಮೊದಲೇ.